ಪರಿಶೀಲನಾ ಸಭೆಯಲ್ಲಿ ಕೇಳಲಾಗದ ಪ್ರಶ್ನೆ: ಬೆಂಗಳೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಕಲಿಕೆಯ ಒಂದು ಪ್ರಕರಣ ಅಧ್ಯಯನ

2024ರ ಮೇ 9ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಹೊರಬಿದ್ದಾಗ ಶಿಕ್ಷಣ ಇಲಾಖೆಯ ಎಲ್ಲ ಹಂತದ ಕಚೇರಿಗಳಲ್ಲೂ ಆತಂಕ ಕಾಣಿಸಿಕೊಂಡಿತು. ಹಿಂದಿನ ವರ್ಷ ಶೇ 83.89ರಷ್ಟಿದ್ದ ರಾಜ್ಯದ ತೇರ್ಗಡೆ ಪ್ರಮಾಣ ಶೇ 73.40ಕ್ಕೆ ಇಳಿದಿತ್ತು, ಅದೂ ಕೃಪಾಂಕದ ಮಿತಿಯನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ ವರ್ಷ ಅದು. ಕ್ಯಾಮೆರಾ ಬಂದ ಮಾತ್ರಕ್ಕೆ ಮಕ್ಕಳ ಕಲಿಕೆ ಒಂದೇ ವರ್ಷದಲ್ಲಿ ಕುಸಿಯಲಾರದು. ಬಹುಕಾಲದಿಂದ ಅಂಕಪಟ್ಟಿಯ ಮರೆಯಲ್ಲಿದ್ದ ಕೊರತೆ ಆ ವರ್ಷ ಕಣ್ಣಿಗೆ ಬಿತ್ತು ಎಂಬುದು ನನ್ನ ತಿಳಿವಳಿಕೆ.

ಆ ಫಲಿತಾಂಶದ ಬೆನ್ನಿಗೆ ಆರಂಭವಾದ 2024-25ರ ಶೈಕ್ಷಣಿಕ ವರ್ಷದಲ್ಲಿ, ಬೆಂಗಳೂರಿನ ಒಂದು ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಯೊಬ್ಬರು ತಮ್ಮಂಥದೇ ಹುದ್ದೆಯಲ್ಲಿರುವ ಕೆಲವರ ಮುಂದೆ ತಮಗೆ ಬಗೆಹರಿಯದ ಒಂದು ಸಮಸ್ಯೆಯನ್ನು ತೆರೆದಿಟ್ಟದ್ದು, ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದು ಈ ಅಧ್ಯಯನದ ವಸ್ತು. ಅಧಿಕಾರಿಗಳ ತರಬೇತಿಯಲ್ಲಿ ಚರ್ಚೆಗೆ ಒದಗಲೆಂದು ಹೆಣೆದ ಪ್ರಕರಣವಿದು. ಪರೀಕ್ಷೆ, ಕಾಯ್ದೆ, ಯೋಜನೆಗಳ ವಿವರಗಳು ಇದ್ದದ್ದು ಇದ್ದಂತೆ ಬಂದಿವೆ. ಅಧಿಕಾರಿಗಳು, ಶಾಲೆ ಮತ್ತು ಅವರ ನಡುವಿನ ಮಾತುಕತೆ ಹಲವು ವಲಯಗಳಲ್ಲಿ ಸಾಮಾನ್ಯವಾಗಿ ಕಾಣುವ ಪರಿಸ್ಥಿತಿಯನ್ನು ಆಧರಿಸಿ ರೂಪಿಸಿದವಾಗಿದ್ದು, ಯಾವೊಬ್ಬ ವ್ಯಕ್ತಿಯ ಚಿತ್ರವೂ ಅಲ್ಲ.

ವಲಯ ಮತ್ತು ಅಧಿಕಾರಿ

ರಾಜ್ಯದ 31 ಕಂದಾಯ ಜಿಲ್ಲೆಗಳನ್ನು ಶಿಕ್ಷಣ ಇಲಾಖೆ 35 ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಿಕೊಂಡಿದೆ. ಬೆಂಗಳೂರು ನಗರದಲ್ಲಿ ಉತ್ತರ, ದಕ್ಷಿಣ ಎಂದು ಎರಡಿವೆ. ಪ್ರತಿ ಶೈಕ್ಷಣಿಕ ಜಿಲ್ಲೆಗೂ ಆಡಳಿತದ ಉಪನಿರ್ದೇಶಕರೊಬ್ಬರು ಮುಖ್ಯಸ್ಥರು. ಅವರ ಕೆಳಗೆ ವಲಯಕ್ಕೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಎಲ್ಲರ ಬಾಯಲ್ಲಿರುವ ಬಿ.ಇ.ಓ. ಅವರೊಂದಿಗೆ ಕ್ಷೇತ್ರ ಸಮನ್ವಯಾಧಿಕಾರಿ, ಶಿಕ್ಷಣ ಸಂಯೋಜಕರು ಮತ್ತು ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಶಾಲೆಗಳ ಸಮೂಹದ ಮಟ್ಟದಲ್ಲಿ ಸಿ.ಆರ್.ಪಿ.ಗಳು (ಸಮೂಹ ಸಂಪನ್ಮೂಲ ವ್ಯಕ್ತಿಗಳು) ಇರುತ್ತಾರೆ. ತರಬೇತಿಯ ಹೊಣೆ ಇನ್ನೊಂದು ಸಾಲಿನಲ್ಲಿ ಸಾಗುತ್ತದೆ: ರಾಜ್ಯ ಮಟ್ಟದಲ್ಲಿ ಡಿ.ಎಸ್.ಇ.ಆರ್.ಟಿ. (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ), ಜಿಲ್ಲಾ ಮಟ್ಟದಲ್ಲಿ ಅಭಿವೃದ್ಧಿ ವಿಭಾಗದ ಉಪನಿರ್ದೇಶಕರು ಪ್ರಾಂಶುಪಾಲರಾಗಿರುವ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ).

ಈ ಪ್ರಕರಣದ ಅಧಿಕಾರಿ ವಿಜ್ಞಾನ ಶಿಕ್ಷಕಿಯಾಗಿ ಸೇವೆಗೆ ಸೇರಿ, ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕಿಯಾಗಿ, ಬಡ್ತಿ ಪಡೆದು ಈ ಹುದ್ದೆಗೆ ಬಂದವರು. ಒಂದು ಶಾಲೆಯನ್ನು ಚೆನ್ನಾಗಿ ನಡೆಸಿದವರು ಒಂದು ವಲಯದ ಶಾಲೆಗಳನ್ನೆಲ್ಲ ನಡೆಸಬಲ್ಲರು ಎಂಬ ಊಹೆಯ ಮೇಲೆ ನಮ್ಮ ಬಡ್ತಿ ವ್ಯವಸ್ಥೆ ನಿಂತಿದೆ. ಹೊಸ ಹುದ್ದೆಗೆ ಬಂದಾಗ ಅವರಿಗೆ ದೊರೆತ ತರಬೇತಿಯಲ್ಲಿ ಸೇವಾ ನಿಯಮಗಳು, ಇಲಾಖಾ ವಿಚಾರಣೆ, ಖಜಾನೆ, ಖರೀದಿಯ ಪಾರದರ್ಶಕತೆ ಕಾಯ್ದೆ ಇದ್ದವು. ಆಮೇಲೆ ಬಂದ ತರಬೇತಿಗಳು ಒಂದೊಂದು ಯೋಜನೆಗೆ ಒಂದೊಂದರಂತೆ ಬಂದವು. ಕೋವಿಡ್ ನಂತರದ ಕಲಿಕಾ ಚೇತರಿಕೆಗೆ ಒಂದು, ಬುನಾದಿ ಸಾಕ್ಷರತೆಗೆ ಇನ್ನೊಂದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಶಾಲಾ ಮುಖ್ಯಸ್ಥರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಬೆಳವಣಿಗೆಯನ್ನು ಹೇಳಿದೆ. ಅವರ ಮೇಲೆ ಕುಳಿತು ಅವರ ಕೆಲಸವನ್ನು ಅಳೆಯುವ ಅಧಿಕಾರಿ ತನ್ನ ಕೆಲಸವನ್ನು ಯಾರಿಂದ, ಎಲ್ಲಿ ಕಲಿಯಬೇಕು ಎಂಬುದು ಮಾತ್ರ ಯಾರಿಗೂ ತುರ್ತಿನ ಪ್ರಶ್ನೆಯಾಗಿಲ್ಲ.

ಬೆಂಗಳೂರಿನ ವಲಯವೊಂದರಲ್ಲಿ ಬಿ.ಇ.ಓ.ಗಳ ದಿನ ಹೇಗೆ ಕಳೆಯುತ್ತದೆ ಎಂಬುದನ್ನೂ ಹೇಳಬೇಕು. ಇಲ್ಲಿ ಸರ್ಕಾರಿ ಶಾಲೆಗಳಿಗಿಂತ ಖಾಸಗಿ ಶಾಲೆಗಳೇ ಹೆಚ್ಚು. ಮಾನ್ಯತೆ ನವೀಕರಣ, ಶುಲ್ಕದ ದೂರು, ಕಟ್ಟಡ ಮತ್ತು ಅಗ್ನಿ ಸುರಕ್ಷತೆಯ ಪ್ರಮಾಣಪತ್ರ, ನ್ಯಾಯಾಲಯದ ಪ್ರಕರಣ, ಸಕಾಲದಡಿ ಗಡುವಿರುವ ಅರ್ಜಿಗಳು ಬೆಳಗಿನ ಹೊತ್ತನ್ನು ತಿನ್ನುತ್ತವೆ. ಶಿಕ್ಷಕರ ವೇತನ ಬಿಲ್ಲು, ಬಡ್ತಿ, ನಿವೃತ್ತಿ ಕಡತಗಳು ಮಧ್ಯಾಹ್ನದವು. ಸರ್ಕಾರಿ ಶಾಲೆಯ ತರಗತಿಯೊಳಗೆ ಕಾಲಿಡುವುದು ಉಳಿದ ಹೊತ್ತಿನ ಕೆಲಸವಾಗುತ್ತದೆ, ಮತ್ತು ಹೊತ್ತು ಉಳಿಯುವುದು ಅಪರೂಪ.

ಸಭೆಗಳು ಏನನ್ನು ಕಲಿಸುತ್ತವೆ

ಫಲಿತಾಂಶ ಬಂದ ಮೇಲೆ ಈ ಅಧಿಕಾರಿಗೆ ಕಾರಣ ಕೇಳುವ ನೋಟಿಸ್ ಬಂತು. ಅವರು ತಮ್ಮ ಕೆಳಗಿನ ಮುಖ್ಯ ಶಿಕ್ಷಕರಿಗೆ ಅದನ್ನೇ ದಾಟಿಸಿದರು. ಎಲ್ಲ ಪ್ರೌಢಶಾಲೆಗಳಲ್ಲಿ ಬೆಳಗ್ಗೆ ಮತ್ತು ಸಂಜೆ ವಿಶೇಷ ತರಗತಿ, ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ತೇರ್ಗಡೆಗೆ ಸಾಕಾಗುವಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್, ಒಬ್ಬೊಬ್ಬ ಶಿಕ್ಷಕರಿಗೆ ಕೆಲವು ಮಕ್ಕಳನ್ನು ದತ್ತು ಕೊಡುವ ವ್ಯವಸ್ಥೆ ಜೂನ್ ತಿಂಗಳಲ್ಲೇ ಆರಂಭವಾದವು. ತಿಂಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೇಳುವ ಪ್ರಶ್ನೆ ಇಷ್ಟೇ: ವಿಶೇಷ ತರಗತಿ ನಡೆಯುತ್ತಿದೆಯೇ? ಎಷ್ಟು ಶಾಲೆಗಳಲ್ಲಿ? ಇದಕ್ಕೆ ನಡೆಯುತ್ತಿದೆ, ಎಲ್ಲ ಶಾಲೆಗಳಲ್ಲೂ ಎಂದು ಉತ್ತರಿಸಿ ಕುಳಿತುಕೊಳ್ಳುವುದು ಯಾವ ಅಧಿಕಾರಿಗೂ ಕಷ್ಟವಲ್ಲ. ತರಗತಿಯಲ್ಲಿ ಮಕ್ಕಳು ಕಡಿಮೆ ಇದ್ದಾರೆ, ಬಂದವರೂ ಕಲಿಯುತ್ತಿಲ್ಲವೆಂಬ ಸಂಶಯ ತನಗಿದೆ ಎಂದು ಎದ್ದು ಹೇಳುವುದು ಕಷ್ಟ. ವಲಯಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಪಟ್ಟಿ ಮಾಡಿ ಪರದೆಯ ಮೇಲೆ ತೋರಿಸುವ ಸಭೆಯಲ್ಲಿ ಹಾಗೆ ಹೇಳಿದವರು ತಮ್ಮ ಮೇಲೆ ತಾವೇ ಟಿಪ್ಪಣಿ ಬರೆದುಕೊಂಡಂತೆ.

ಪರಿಶೀಲನಾ ಸಭೆ ಬೇಡವೆಂದು ನಾನು ವಾದಿಸುತ್ತಿಲ್ಲ. ಸಾರ್ವಜನಿಕ ಹಣ, ಪಠ್ಯಪುಸ್ತಕ, ಮೊಟ್ಟೆ, ಹಾಲು ಇವೆಲ್ಲ ಮಕ್ಕಳಿಗೆ ತಲುಪಿವೆಯೇ ಎಂದು ಮೇಲಿನವರು ಕೇಳಲೇಬೇಕು. ಅದಕ್ಕೆ ಉತ್ತರ ಸಂಖ್ಯೆಯಲ್ಲೇ ಇರಬೇಕು. ಆದರೆ ಲೆಕ್ಕ ಒಪ್ಪಿಸುವ ಸಭೆಯೇ ಕಲಿಯುವ ಸಭೆಯೂ ಆಗಲೆಂದು ಬಯಸಿದರೆ ಎರಡೂ ಕೆಡುತ್ತವೆ. ನಮ್ಮ ಅಧಿಕಾರಿಗಳು ತಿಂಗಳಿಗೆ ಹಲವು ಸಭೆಗಳಲ್ಲಿ ಅಕ್ಕಪಕ್ಕ ಕೂರುತ್ತಾರೆ, ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದಾರೆ, ಆದರೂ ಪಕ್ಕದ ವಲಯದವರು ಇದೇ ಸಮಸ್ಯೆಯನ್ನು ಹೇಗೆ ನಿಭಾಯಿಸುತ್ತಿದ್ದಾರೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಅಮೆರಿಕದಲ್ಲಿ ಇದೇ ಏಕಾಂಗಿತನ ಬೇರೆ ಕಾರಣದಿಂದ ಬಂದಿದೆ. ಅಲ್ಲಿ ಸುಮಾರು 13,000 ಸಾರ್ವಜನಿಕ ಶಾಲಾ ಜಿಲ್ಲೆಗಳಿವೆ; ಪ್ರತಿಯೊಂದರ ಸೂಪರಿಂಟೆಂಡೆಂಟ್ ಸಾಮಾನ್ಯವಾಗಿ ಸ್ಥಳೀಯ ಶಾಲಾ ಮಂಡಳಿಗೆ ಉತ್ತರದಾಯಿ, ಮತ್ತು ತನ್ನ ಜಿಲ್ಲೆಯಲ್ಲಿ ಆ ಹುದ್ದೆಯ ಏಕೈಕ ವ್ಯಕ್ತಿ. ಕನೆಕ್ಟಿಕಟ್ ರಾಜ್ಯದಲ್ಲಿ 2001ರಲ್ಲಿ ಕೆಲವು ಸೂಪರಿಂಟೆಂಡೆಂಟರು ಒಂದು ಜಾಲ ಕಟ್ಟಿಕೊಂಡು, ಹಾರ್ವರ್ಡ್‌ನ ರಿಚರ್ಡ್ ಎಲ್ಮೋರ್ ಅವರ ಮಾರ್ಗದರ್ಶನದಲ್ಲಿ ಪರಸ್ಪರರ ಶಾಲೆಗಳಿಗೆ ಹೋಗಿ ತರಗತಿಗಳನ್ನು ನೋಡಿ ಚರ್ಚಿಸುವ ಪದ್ಧತಿ ಬೆಳೆಸಿದರು. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ವೈದ್ಯರು ರೋಗಿಯ ಹಾಸಿಗೆಯ ಬಳಿ ನಿಂತು ನಡೆಸುವ ರೌಂಡ್ಸ್ ಅದಕ್ಕೆ ಮಾದರಿ. ಅದರ ಮೊದಲ ಕಟ್ಟುಪಾಡು, ಕಂಡದ್ದನ್ನು ಮೊದಲು ಕಂಡಂತೆ ಹೇಳಬೇಕು, ತೀರ್ಪು ಆಮೇಲೆ ಎಂಬುದು.

ಇಂಥದ್ದು ನಮ್ಮಲ್ಲಿ ಇರಲಿಲ್ಲವೆಂದೇನೂ ಅಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳು ಕಲಿಯುವುದನ್ನು ನೋಡಿ, ಹಿಂತಿರುಗಿ ತಾವೇ ಕೂತು ಕಲಿಕಾ ಕಾರ್ಡುಗಳನ್ನು ರಚಿಸಿದ್ದರಿಂದ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿತು. 2009-10ರಲ್ಲಿ ಅದು ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಕಿರಿಯ ತರಗತಿಗಳಿಗೆ ವಿಸ್ತರಿಸಿತು. ಕಾರ್ಡುಗಳು ಎಲ್ಲೆಡೆ ತಲುಪಿದವು. ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡಿ ತಿದ್ದಿಕೊಂಡ ಆ ರೂಢಿ ಅಷ್ಟೇ ದೂರ ತಲುಪಲಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯೂ ಮೂಲದಲ್ಲಿ ಇದೇ ಉದ್ದೇಶದ್ದು. ಈಗ ಅದರ ಬಹುಪಾಲು ಹೊತ್ತು ಮಾಹಿತಿ ಸಂಗ್ರಹಕ್ಕೆ ಹೋಗುತ್ತಿರುವುದನ್ನು ಸಿ.ಆರ್.ಪಿ.ಗಳೇ ಹೇಳುತ್ತಾರೆ.

ಗುಂಪು ಸೇರಿದ್ದು

ಡಯಟ್‌ನ ಹಿರಿಯ ಉಪನ್ಯಾಸಕರೊಬ್ಬರು ಈ ಅಧಿಕಾರಿಗೆ ಹಳೆಯ ಪರಿಚಯ. ವಿಶೇಷ ತರಗತಿಯ ಬಗ್ಗೆ ಅವರೊಂದಿಗೆ ಮಾತಾಡುವಾಗ, ನಾಲ್ಕಾರು ಜನ ಬಿ.ಇ.ಓ.ಗಳು ಒಬ್ಬರ ವಲಯಕ್ಕೆ ಇನ್ನೊಬ್ಬರು ಹೋಗಿ ನೋಡಿದರೆ ಹೇಗೆ ಎಂಬ ಯೋಚನೆ ಬಂತು. ನಗರದ ಎರಡು ವಲಯಗಳಿಂದ, ಗ್ರಾಮಾಂತರದ ಒಂದು ತಾಲ್ಲೂಕಿನಿಂದ ಅಧಿಕಾರಿಗಳು ಒಪ್ಪಿದರು. ಒಬ್ಬ ಕ್ಷೇತ್ರ ಸಮನ್ವಯಾಧಿಕಾರಿಯೂ ಸೇರಿದರು. ಉಪನ್ಯಾಸಕರು ಮಾತನ್ನು ನಡೆಸಿಕೊಡುವವರಾದರು. ಹೀಗೆ ಆರು ಜನ. ಗ್ರಾಮಾಂತರದವರನ್ನು ಸೇರಿಸಿಕೊಂಡದ್ದು ಆಗ ಅಷ್ಟು ಮಹತ್ವದ್ದೆಂದು ಯಾರಿಗೂ ಅನಿಸಿರಲಿಲ್ಲ.

ಕಟ್ಟುಪಾಡುಗಳು ಕೆಲವೇ ಇದ್ದವು. ಶನಿವಾರ ಬೆಳಗಿನ ಶಾಲೆ ಇರುವುದರಿಂದ ಆ ಹೊತ್ತಿನಲ್ಲಿ ತರಗತಿ ನೋಡುವುದು, ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಮಾತಾಡುವುದು. ಆತಿಥೇಯ ಅಧಿಕಾರಿ ತನಗೆ ನಿಜವಾಗಿ ಬಗೆಹರಿಯದ ಒಂದು ಪ್ರಶ್ನೆಯನ್ನು ಇಡಬೇಕು. ಸಾಧನೆಯ ಪಿಪಿಟಿಗೆ ಜಾಗವಿಲ್ಲ. ಮೊದಲು ಅವರು ಹತ್ತು ನಿಮಿಷ ವಿಷಯ ಹೇಳಬೇಕು, ಉಳಿದವರು ತಿಳಿದುಕೊಳ್ಳಲು ಮಾತ್ರ ಪ್ರಶ್ನೆ ಕೇಳಬೇಕು. ಅನಂತರ ಉಳಿದವರು ತಮ್ಮತಮ್ಮಲ್ಲೇ ಚರ್ಚಿಸುವಾಗ ಆತಿಥೇಯರು ಸುಮ್ಮನೆ ಕೇಳಿಸಿಕೊಳ್ಳಬೇಕು, ಸಮರ್ಥನೆ ಕೊಡುವಂತಿಲ್ಲ. ಕೊನೆಯಲ್ಲಿ ಅವರು ಮಾತಾಡಬಹುದು. ಮೇಲಧಿಕಾರಿಗಳಿಗೆ ಸಭೆ ನಡೆದ ವಿಷಯ ತಿಳಿಸಬೇಕು, ಸಭೆಯಲ್ಲಿ ನಡೆದದ್ದನ್ನಲ್ಲ.

ಶಾಲೆಯಲ್ಲಿ ಕಂಡದ್ದು

ಅಧಿಕಾರಿ ಇಟ್ಟ ಪ್ರಶ್ನೆ ಹೀಗಿತ್ತು: ವಿಶೇಷ ತರಗತಿಗಳ ಹಾಜರಾತಿ ಹೆಚ್ಚಿಸಿ ಅವನ್ನು ಪರಿಣಾಮಕಾರಿಯಾಗಿಸುವುದು ಹೇಗೆ? ನೋಡಲು ಆರಿಸಿಕೊಂಡದ್ದು ಹೊರವರ್ತುಲ ರಸ್ತೆಗೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆ. ಅದೇ ಆವರಣದಲ್ಲಿ ಒಂದರಿಂದ ಏಳರವರೆಗಿನ ಹಿರಿಯ ಪ್ರಾಥಮಿಕ ಶಾಲೆಯೂ ಇದೆ. ಮಕ್ಕಳ ಮನೆಮಾತುಗಳಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು, ಹಿಂದಿ ಎಲ್ಲವೂ ಇವೆ. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ವರ್ಷದ ನಡುವೆ ಸೇರುತ್ತಾರೆ, ನಡುವೆಯೇ ಹೋಗುತ್ತಾರೆ.

ಇಬ್ಬಿಬ್ಬರಾಗಿ ತರಗತಿಗಳಿಗೆ ಹೋದ ಅಧಿಕಾರಿಗಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನೆ ನೋಡುವುದು. ಹಲವು ವರ್ಷಗಳ ತಪಾಸಣೆಯ ರೂಢಿಯಿಂದ ಅವರ ಕೈ ಪಾಠ ಯೋಜನೆಯ ಪುಸ್ತಕದ ಕಡೆಗೇ ಹೋಗುತ್ತಿತ್ತು, ಕಣ್ಣು ಗೋಡೆಯ ಚಾರ್ಟುಗಳ ಕಡೆಗೆ. ಉಪನ್ಯಾಸಕರು ಒಂದು ಹಾಳೆ ಕೊಟ್ಟು, ಅದರಲ್ಲಿ ಮಕ್ಕಳು ಏನು ಮಾಡುತ್ತಿದ್ದಾರೆ, ಏನು ಹೇಳಿದರು, ನೋಟ್‌ಬುಕ್ಕಿನಲ್ಲಿ ಏನಿದೆ ಎಂಬುದನ್ನಷ್ಟೇ ಬರೆಯಬೇಕೆಂದೂ ಪಾಠ ಚೆನ್ನಾಗಿತ್ತು, ಶಿಕ್ಷಕರಲ್ಲಿ ಆಸಕ್ತಿ ಕಡಿಮೆ ಎಂಬಂಥ ವಾಕ್ಯಗಳು ಬೇಡವೆಂದೂ ಹೇಳಿದ್ದರು. ಮೊದಲ ತರಗತಿಯಿಂದ ಹೊರಬಂದಾಗ ಹೆಚ್ಚಿನ ಹಾಳೆಗಳಲ್ಲಿ ಬೇಡವೆಂದ ವಾಕ್ಯಗಳೇ ಇದ್ದವು. ಎರಡನೆಯ ತರಗತಿಯ ಹೊತ್ತಿಗೆ ಬರಹ ಬದಲಾಯಿತು.

ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದ ಪಾಠದಲ್ಲಿ ಶಿಕ್ಷಕರು ಹಲಗೆಯ ಮೇಲೆ ಪ್ರಶ್ನೋತ್ತರ ಬರೆಯುತ್ತಿದ್ದರು, ಮಕ್ಕಳು ಇಳಿಸಿಕೊಳ್ಳುತ್ತಿದ್ದರು. ತರಗತಿ ಶಾಂತವಾಗಿತ್ತು. ಒಬ್ಬ ಹುಡುಗನ ಅಕ್ಷರ ದುಂಡಗೆ, ಅಚ್ಚುಕಟ್ಟಾಗಿತ್ತು. ಆದರೆ ಪದಗಳ ನಡುವೆ ಜಾಗವೇ ಇರಲಿಲ್ಲ. ಪಕ್ಕದಲ್ಲಿ ಕುಳಿತ ಅಧಿಕಾರಿ ಮೆಲ್ಲಗೆ, ಅವನೇ ಬರೆದ ಸಾಲನ್ನು ಓದಲು ಹೇಳಿದರು. ಅವನು ಓದಲಿಲ್ಲ. ಆ ಅಧಿಕಾರಿ ಇನ್ನೂ ಕೆಲವು ಮಕ್ಕಳನ್ನು ಹೀಗೆಯೇ ಕೇಳಿ, ತಮ್ಮ ಹಾಳೆಯಲ್ಲಿ ಯಾರು ಓದಿದರು, ಯಾರು ಓದಲಿಲ್ಲ ಎಂದಷ್ಟೇ ಬರೆದುಕೊಂಡರು.

ಎಂಟನೆಯ ತರಗತಿಯಲ್ಲಿ ಸೇತುಬಂಧದ ದಾಖಲೆ ನೋಡಿದರು. ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ನೈದಾನಿಕ ಪರೀಕ್ಷೆಯಿಂದ ಅಳೆದು, ಕೊರತೆ ತುಂಬಿ, ಸಾಫಲ್ಯ ಪರೀಕ್ಷೆಯಿಂದ ಮತ್ತೆ ಅಳೆಯುವ ಈ ಕ್ರಮ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಇದೆ. ವಹಿಯ ಪ್ರಕಾರ ಸಾಫಲ್ಯ ಪರೀಕ್ಷೆಯ ಹೊತ್ತಿಗೆ ಬಹುತೇಕ ಎಲ್ಲ ಮಕ್ಕಳೂ ನಿರೀಕ್ಷಿತ ಮಟ್ಟ ತಲುಪಿದ್ದರು. ಬೀರುವಿನಲ್ಲಿ ಕಟ್ಟಿಟ್ಟಿದ್ದ ನೈದಾನಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಬಿಚ್ಚಿದಾಗ ಹಲವರು ಉತ್ತರದ ಜಾಗದಲ್ಲಿ ಪ್ರಶ್ನೆಯನ್ನೇ ನಕಲು ಮಾಡಿರುವುದು ಕಂಡಿತು. ಇದು ಇಲಾಖೆಗೆ ಹೊಸ ಸಂಗತಿಯಲ್ಲ, ಒಬ್ಬ ಬಿ.ಇ.ಓ. ತನ್ನ ವಲಯದ ಇಂಥ ಕಟ್ಟನ್ನು ಇನ್ನೊಬ್ಬ ಬಿ.ಇ.ಓ. ಮುಂದೆ ಬಿಚ್ಚಿದ್ದು ಹೊಸದು.

ಪ್ರಶ್ನೆ ಬದಲಾದ ಬಗೆ

ಶಾಲೆ ಬಿಟ್ಟ ಮೇಲೆ ಶಿಕ್ಷಕರ ಕೊಠಡಿಯಲ್ಲಿ ಮಾತು ಆರಂಭವಾಯಿತು. ಗ್ರಾಮಾಂತರದ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ ಬಹಳ ಸಾದಾ: "ವಿಶೇಷ ತರಗತಿಗೆ ಬಾರದವರು ಯಾರು, ಮೇಡಂ?" ಹಾಜರಾತಿಯ ಶೇಕಡಾವಾರು ಆತಿಥೇಯರ ನಾಲಿಗೆಯ ಮೇಲಿತ್ತು, ಬಾರದ ಮಕ್ಕಳು ಯಾರೆಂಬುದು ಗೊತ್ತಿರಲಿಲ್ಲ. ಮುಖ್ಯ ಶಿಕ್ಷಕರನ್ನು ಕರೆದು ಕೇಳಿದಾಗ ಅವರು ಹೆಸರು ಹಿಡಿದು ಹೇಳಿದರು: ಸಂಜೆ ತಮ್ಮ, ತಂಗಿಯರನ್ನು ಅಂಗನವಾಡಿಯಿಂದ ಕರೆದುಕೊಂಡು ಹೋಗಬೇಕಾದ ಹುಡುಗಿಯರು, ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗರು ಮತ್ತು ಓದಲು ಬಾರದೆ ವಿಶೇಷ ತರಗತಿಯಲ್ಲಿ ನಾಚಿಕೊಂಡು ಕೂರುವವರು. ಮೂರನೆಯ ಗುಂಪು ದೊಡ್ಡದು.

ಓದಲು ಬಾರದವರು ಎಲ್ಲಿಂದ ಬಂದವರು ಎಂಬುದು ಮುಂದಿನ ಪ್ರಶ್ನೆಯಾಯಿತು. ಕೆಲವರು ಉರ್ದು ಮಾಧ್ಯಮದಲ್ಲಿ ಏಳನೆಯವರೆಗೆ ಓದಿ ಕನ್ನಡ ಮಾಧ್ಯಮದ ಎಂಟಕ್ಕೆ ಬಂದವರು. ಕೆಲವರು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಓದು ಅರ್ಧಕ್ಕೆ ನಿಂತು, ವಯಸ್ಸಿಗೆ ತಕ್ಕ ತರಗತಿಗೆ ನೇರವಾಗಿ ಸೇರಿದವರು. ಉಳಿದವರು ಗೋಡೆಯಾಚೆಯ ಹಿರಿಯ ಪ್ರಾಥಮಿಕ ಶಾಲೆಯವರೇ. ಆ ಶಾಲೆಯ ಶಿಕ್ಷಕರಿಗೂ ಈ ಶಾಲೆಯ ಶಿಕ್ಷಕರಿಗೂ ಮಕ್ಕಳ ಬಗ್ಗೆ ಎಂದಾದರೂ ಮಾತು ನಡೆದಿದೆಯೇ ಎಂದು ಕೇಳಿದಾಗ ಯಾರೂ ಹೌದೆನ್ನಲಿಲ್ಲ.

ಇಲ್ಲಿಂದ ಚರ್ಚೆ ಆಡಳಿತದ ಒಂದು ಬಿರುಕಿನ ಕಡೆಗೆ ತಿರುಗಿತು, ಮತ್ತು ಈ ಪ್ರಕರಣದ ಹುರುಳು ಅಲ್ಲಿದೆ ಎಂದು ನಾನು ಭಾವಿಸುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ದೃಷ್ಟಿಯಲ್ಲಿ ಎಂಟನೆಯ ತರಗತಿ ಪ್ರಾಥಮಿಕ ಶಿಕ್ಷಣದ ಕೊನೆಯ ವರ್ಷ. ಕಾಯ್ದೆಯ 4ನೇ ಸೆಕ್ಷನ್ನಿನಂತೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿದ ಮಗುವಿಗೆ ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕಿದೆ. ನಮ್ಮ ಶಾಲಾ ರಚನೆಯಲ್ಲಾದರೋ ಎಂಟನೆಯ ತರಗತಿ ಬಹಳ ಕಡೆ ಪ್ರೌಢಶಾಲೆಯ ಮೊದಲ ವರ್ಷ. ಸಿ.ಆರ್.ಪಿ.ಗಳ ಭೇಟಿ, ಬುನಾದಿ ಕಲಿಕೆಯ ಸಾಮಗ್ರಿ, ಓದು ಕಲಿಸಿ ಅನುಭವವಿರುವ ಶಿಕ್ಷಕರು ಎಲ್ಲವೂ ಪ್ರಾಥಮಿಕ ಶಾಲೆಯ ಕಡೆಗಿವೆ. ಪ್ರೌಢಶಾಲೆಯಲ್ಲಿ ವಿಷಯ ಶಿಕ್ಷಕರು, ವಿಷಯ ಪರಿವೀಕ್ಷಕರು, ಹತ್ತನೆಯ ತರಗತಿಯ ಫಲಿತಾಂಶದ ಒತ್ತಡ. ಏಳರಿಂದ ಎಂಟಕ್ಕೆ ದಾಟುವ, ಓದಲು ಬಾರದ ಮಗು ಯಾರ ಹೊಣೆಯೂ ಅಲ್ಲದಂತಾಗುತ್ತದೆ. ಎರಡೂ ಸಾಲುಗಳು ಬಂದು ಸೇರುವ ಏಕೈಕ ಮೇಜು ಬಿ.ಇ.ಓ.ಗಳದು. ಈ ಮಾತನ್ನು ಹೊರಗಿನ ಸಂಪನ್ಮೂಲ ವ್ಯಕ್ತಿಯೊಬ್ಬರು ಹೇಳಿದ್ದರೆ ಅದು ಟೀಕೆಯಾಗಿ ಕೇಳುತ್ತಿತ್ತು. ಅದೇ ಮೇಜಿನ ಹಿಂದೆ ಕೂರುವ ಮೂವರು ತಮ್ಮತಮ್ಮ ವಲಯದಲ್ಲೂ ಹೀಗೆಯೇ ಇದೆಯೆಂದು ಒಪ್ಪಿಕೊಂಡು ಹೇಳಿದ್ದರಿಂದ ಆತಿಥೇಯರಿಗೆ ಅದನ್ನು ತೆಗೆದುಕೊಳ್ಳುವುದು ಸಾಧ್ಯವಾಯಿತು.

ಗ್ರಾಮಾಂತರದ ಅಧಿಕಾರಿ ತಾವು ಹಿಂದೆ ಮಾಡಿದ ಒಂದು ಪ್ರಯತ್ನವನ್ನು ಹೇಳಿದರು. ಓದಲು ಬಾರದ ಪ್ರೌಢಶಾಲಾ ಮಕ್ಕಳಿಗೆ ಅತಿಥಿ ಶಿಕ್ಷಕರಿಂದ ಪ್ರತ್ಯೇಕ ತರಗತಿ ನಡೆಸಿದ್ದರು, ಅದು ಕೈಕೊಟ್ಟಿತ್ತು. ಎರಡು ಕಾರಣ ಅವರಿಗೆ ಕಂಡಿದ್ದವು: ಆ ತರಗತಿಗೆ ಹೋಗುವ ಮಕ್ಕಳಿಗೆ ಉಳಿದವರು ಒಂದು ಹೆಸರಿಟ್ಟು ಕರೆಯತೊಡಗಿದರು, ಮತ್ತು ಆ ಶಿಕ್ಷಕರು ಪ್ರೌಢಶಾಲೆಯ ಪಠ್ಯವನ್ನೇ ನಿಧಾನವಾಗಿ ಕಲಿಸಿದರೇ ಹೊರತು ಓದನ್ನು ಕಲಿಸಲಿಲ್ಲ, ಏಕೆಂದರೆ ಓದು ಕಲಿಸುವುದು ಅವರು ಕಲಿತ ವಿದ್ಯೆಯಾಗಿರಲಿಲ್ಲ. ಆ ಮಧ್ಯಾಹ್ನದ ಮಾತುಗಳಲ್ಲಿ ಆತಿಥೇಯರು ಅತಿ ಹೆಚ್ಚು ಬರೆದುಕೊಂಡದ್ದು ಈ ವಿಫಲ ಪ್ರಯತ್ನದ ವಿವರವನ್ನು. ಯಶೋಗಾಥೆಗಳನ್ನು ಹಂಚಿಕೊಳ್ಳಲು ನಮ್ಮಲ್ಲಿ ವೇದಿಕೆಗಳು ಸಾಕಷ್ಟಿವೆ. ಕೈಕೊಟ್ಟ ಕೆಲಸದ ಕಾರಣಗಳನ್ನು ದಾಟಿಸಲು ಇಲ್ಲ. ಅದರ ಫಲವಾಗಿ ಒಂದೇ ತಪ್ಪನ್ನು ಪ್ರತಿ ವಲಯವೂ ಹೊಸದಾಗಿ ಮಾಡುತ್ತದೆ.

ಕೊನೆಗೆ ಆತಿಥೇಯರು ತಮ್ಮ ಪ್ರಶ್ನೆಯನ್ನು ತಾವೇ ತಿದ್ದಿ ಬರೆದರು: ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ಓದಲು ಬಾರದವರನ್ನು ವರ್ಷದ ಮೊದಲಲ್ಲೇ ಗುರುತಿಸಿ, ಶಾಲೆಯ ಹೊತ್ತಿನಲ್ಲೇ ಓದು ಕಲಿಸುವುದಕ್ಕೆ ನನ್ನ ಕಚೇರಿ ಏನನ್ನು ಬದಲಾಯಿಸಬೇಕು?

ಬದಲಾದದ್ದು, ಬದಲಾಗದ್ದು

ಅಧಿಕಾರಿ ಕೈಗೊಂಡ ಕ್ರಮಗಳು ಸಣ್ಣವು. ಸಿ.ಆರ್.ಪಿ. ಮತ್ತು ಪ್ರೌಢಶಾಲೆಯ ಭಾಷಾ ಶಿಕ್ಷಕರು ಜೊತೆಗೂಡಿ ಎಂಟನೆಯ ತರಗತಿಯ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಒಂದು ಪ್ಯಾರಾ ಓದಿಸಿದರು. ಆ ಪಟ್ಟಿಯನ್ನು ಯಾವ ಪೋರ್ಟಲ್ಲಿಗೂ ಏರಿಸಬೇಕಾಗಿಲ್ಲ ಎಂದು ಅಧಿಕಾರಿ ಮುಂಚಿತವಾಗಿ ಹೇಳಿದ್ದರು. ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಕಲಿಸಿ ಅನುಭವವಿದ್ದ ಶಿಕ್ಷಕಿಯೊಬ್ಬರು ದಿನಕ್ಕೊಂದು ಅವಧಿ ಇತ್ತ ಬಂದರು. ಹೆಸರಿಡುವ ತೊಂದರೆ ತಪ್ಪಿಸಲು ಆ ಅವಧಿಯಲ್ಲಿ ಇಡೀ ತರಗತಿ ಓದಿನ ಗುಂಪುಗಳಾಗಿ ಒಡೆಯಿತು. ಓದು ಬಲ್ಲವರಿಗೂ ಗ್ರಂಥಾಲಯದ ಪುಸ್ತಕಗಳು ಹೊರಬಂದವು. ಹತ್ತನೆಯ ತರಗತಿಯ ವಿಶೇಷ ತರಗತಿಗಳು ಆದೇಶದಂತೆ ಮುಂದುವರಿದವು.

ಮೂರು ತಿಂಗಳ ನಂತರ ಗುಂಪು ಅದೇ ಶಾಲೆಗೆ ಮತ್ತೆ ಬಂತು. ಕೆಲವು ಮಕ್ಕಳು ನಿಧಾನವಾಗಿ ಓದುತ್ತಿದ್ದರು. ದಸರಾ ರಜೆಗೆ ಊರಿಗೆ ಹೋದ ಕೆಲವರು ಹಿಂತಿರುಗಿರಲಿಲ್ಲ. ಮತದಾರರ ಪಟ್ಟಿ ಪರಿಷ್ಕರಣೆಗೆ ಪ್ರಾಥಮಿಕ ಶಾಲೆಯ ಶಿಕ್ಷಕಿಯನ್ನು ಬಿ.ಎಲ್.ಓ. (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ಕಳಿಸಿದ್ದರಿಂದ 'ಓದಿನ ಅವಧಿ' ಹಲವು ದಿನ ನಿಂತಿತ್ತು. ಈ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವುದು 2027ರಲ್ಲಿ. ಆದುದರಿಂದ 2025ರ ಫಲಿತಾಂಶದ ಏರಿಳಿತವನ್ನು ಈ ಕೆಲಸಕ್ಕೆ ಜೋಡಿಸುವುದು ಸಲ್ಲದು.

ನಡುವೆ ಒಂದು ಅಹಿತಕರ ಘಟನೆಯೂ ನಡೆಯಿತು. ಗುಂಪಿನ ಒಬ್ಬರು ಬೇರೊಂದು ಸಭೆಯಲ್ಲಿ, ಕೆಟ್ಟ ಉದ್ದೇಶವಿಲ್ಲದೆಯೇ, ಸೇತುಬಂಧದ ಉತ್ತರ ಪತ್ರಿಕೆಗಳ ಪ್ರಸ್ತಾಪ ಮಾಡಿದರು. ಎರಡೇ ದಿನದಲ್ಲಿ ಆ ಪ್ರೌಢಶಾಲೆಯ ಮುಖ್ಯ ಶಿಕ್ಷಕರಿಂದ ದಾಖಲೆ ತಿದ್ದಿದ ಬಗ್ಗೆ ಸಮಜಾಯಿಷಿ ಕೇಳಲಾಯಿತು. ಬೀರು ತೆರೆದು ತೋರಿಸಿದವರಿಗೇ ನೋಟಿಸ್ ಬಂದರೆ ಮುಂದೆ ಯಾವ ಶಾಲೆ ಬೀರು ತೆರೆದೀತು? ಆತಿಥೇಯ ಅಧಿಕಾರಿ ಉಪನಿರ್ದೇಶಕರನ್ನು ಸ್ವತಃ ಭೇಟಿ ಮಾಡಿ, ಆ ದಾಖಲೆಗೆ ಅಂತಿಮ ಹೊಣೆ ತಮ್ಮದೆಂದು ಲಿಖಿತವಾಗಿ ಕೊಟ್ಟರು. ಸಮಜಾಯಿಷಿ ಅಲ್ಲಿಗೆ ನಿಂತಿತು. ಮಾತಾಡಿದವರು ಗುಂಪಿನಲ್ಲಿ ಕ್ಷಮೆ ಕೇಳಿದರು. ಅಂದಿನಿಂದ, ಶಾಲೆಯೊಂದರಲ್ಲಿ ಕಂಡದ್ದನ್ನು ಹೊರಗೆ ಹೇಳುವ ಅಧಿಕಾರ ಆ ವಲಯದ ಅಧಿಕಾರಿಗೆ ಮಾತ್ರ ಎಂಬ ಕಟ್ಟುಪಾಡು ಬರವಣಿಗೆಗೆ ಬಂತು, ಮತ್ತು ಭೇಟಿಗೆ ಮುನ್ನ ಮುಖ್ಯ ಶಿಕ್ಷಕರ ಒಪ್ಪಿಗೆ ಕೇಳುವುದು ಕಡ್ಡಾಯವಾಯಿತು. ಮೊದಲ ಸಲ ಆ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಅಧಿಕಾರಿಗಳು ಪರಸ್ಪರ ನಂಬಿಕೆಯ ಬಗ್ಗೆ ಎಷ್ಟೆಲ್ಲ ಯೋಚಿಸಿದ್ದರೂ ಆ ನಂಬಿಕೆಯ ಬೆಲೆ ತೆರುವವರು ಶಾಲೆಯಲ್ಲಿರುತ್ತಾರೆ ಎಂಬುದು ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಗುಂಪಿನ ಮುಂದಿನ ಕೂಟಗಳೆಲ್ಲ ತರಗತಿಯ ಬಗ್ಗೆಯೇ ಇರಲಿಲ್ಲ. ಖಾಸಗಿ ಶಾಲೆಗಳ ಮಾನ್ಯತೆ ನವೀಕರಣದ ಕಡತಗಳು ಬೆಳಗಿನ ಹೊತ್ತನ್ನೆಲ್ಲ ತಿನ್ನುವುದನ್ನು ತಪ್ಪಿಸಲು ಒಂದು ವಲಯದಲ್ಲಿ ವಾರಕ್ಕೆ ಎರಡು ದಿನ ಮಾತ್ರ ಆ ಅರ್ಜಿದಾರರನ್ನು ಕಾಣುವ ಕ್ರಮವಿತ್ತು; ಅದನ್ನು ಉಳಿದವರೂ ತಮಗೆ ಬೇಕಾದಂತೆ ತೆಗೆದುಕೊಂಡರು.

ಸುತ್ತೋಲೆಯ ಪ್ರಶ್ನೆ

ವರ್ಷದ ಕೊನೆಯ ಹೊತ್ತಿಗೆ ಉಪನಿರ್ದೇಶಕರು ಈ ಕೆಲಸವನ್ನು ಮೆಚ್ಚಿ, ಎಲ್ಲ ವಲಯಗಳಿಗೂ ಕಡ್ಡಾಯಗೊಳಿಸುವ ಸುತ್ತೋಲೆಯ ಕರಡು ಸಿದ್ಧಪಡಿಸಲು ಗುಂಪಿಗೇ ಹೇಳಿದರು. ತಿಂಗಳಿಗೊಂದು ಭೇಟಿ, ನಿಗದಿತ ನಮೂನೆಯಲ್ಲಿ ವರದಿ, ಫೋಟೊ, ಉತ್ತಮ ಗುಂಪಿಗೆ ಪ್ರಶಂಸಾ ಪತ್ರ ಎಂಬ ಆಲೋಚನೆ ಅವರದಾಗಿತ್ತು. ಉದ್ದೇಶ ಪ್ರಾಮಾಣಿಕವಾದದ್ದು. ಒಂದು ಒಳ್ಳೆಯ ಕೆಲಸ ನಾಲ್ಕು ವಲಯಗಳಲ್ಲಿ ಮಾತ್ರ ಉಳಿಯಬೇಕೇಕೆ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಸ್ವಇಚ್ಛೆಗೆ ಬಿಟ್ಟರೆ ಈಗಾಗಲೇ ಕಲಿಯಲು ಮನಸ್ಸಿರುವವರೇ ಸೇರುತ್ತಾರೆ, ಹೆಚ್ಚು ಅಗತ್ಯವಿರುವ ವಲಯ ಹೊರಗುಳಿಯುತ್ತದೆ.

ಗುಂಪಿನಲ್ಲಿ ಇದರ ಬಗ್ಗೆ ಒಮ್ಮತವಿರಲಿಲ್ಲ. ನಗರದ ಒಬ್ಬ ಅಧಿಕಾರಿ ಸುತ್ತೋಲೆ ಬೇಕೆಂದರು: ಆದೇಶವಿಲ್ಲದೆ ಶನಿವಾರ ಬೇರೆ ವಲಯದಲ್ಲಿದ್ದರೆ ತಮ್ಮ ಕಚೇರಿಯಲ್ಲಿ ಇಲ್ಲದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ. ಗ್ರಾಮಾಂತರದ ಅಧಿಕಾರಿ, ನಮೂನೆ ಬಂದ ದಿನವೇ ಜನರು ನಮೂನೆ ತುಂಬಲು ಭೇಟಿ ಕೊಡುತ್ತಾರೆ ಎಂದರು. ನನ್ನ ಒಲವು ಎರಡನೆಯವರ ಕಡೆಗಿದೆ, ಆದರೆ ಮೊದಲನೆಯವರ ತೊಂದರೆ ನಿಜವಾದದ್ದು. ರಕ್ಷಣೆಯಿಲ್ಲದ ಸಹಕಲಿಕೆ ಧೈರ್ಯವಂತರ ಸೊತ್ತಾಗಿಬಿಡುತ್ತದೆ.

ಕೊನೆಗೆ ಗುಂಪು ಕೊಟ್ಟ ಕರಡಿನಲ್ಲಿ ಮೂರೇ ಅಂಶಗಳಿದ್ದವು. ವರ್ಷಕ್ಕೆ ನಾಲ್ಕು ದಿನ ಇಂಥ ಭೇಟಿಗೆ ಹೋಗುವ ಅಧಿಕಾರಿಗೆ ಓ.ಓ.ಡಿ. ಸೌಲಭ್ಯವಿರಬೇಕು, ಅಂದರೆ ಆ ದಿನಗಳನ್ನು ಕರ್ತವ್ಯದ ದಿನಗಳೆಂದೇ ಎಣಿಸಬೇಕು. ಕಚೇರಿಗೆ ಸಲ್ಲಿಸಬೇಕಾದದ್ದು ದಿನಾಂಕ, ಶಾಲೆಯ ಹೆಸರು ಮತ್ತು ಆತಿಥೇಯರು ಇಟ್ಟ ಪ್ರಶ್ನೆ ಮಾತ್ರ. ಭೇಟಿಯಲ್ಲಿ ಕಂಡ ಯಾವ ದಾಖಲೆಯೂ ಶಿಸ್ತುಕ್ರಮಕ್ಕೆ ಆಧಾರವಾಗಬಾರದು. ಮಕ್ಕಳ ಸುರಕ್ಷತೆ ಮತ್ತು ಹಣ ದುರುಪಯೋಗದ ವಿಷಯಗಳು ಇದಕ್ಕೆ ಹೊರತು. ಉಪನಿರ್ದೇಶಕರು ಮೊದಲ ಎರಡನ್ನು ಒಪ್ಪಿ, ಮೂರನೆಯದು ತಮ್ಮ ಅಧಿಕಾರದ ಮಿತಿಯನ್ನು ಮೀರುತ್ತದೆಂದು ಮೇಲಿನ ಕಚೇರಿಗೆ ಬರೆದರು.

ಕಡತ ಅಲ್ಲಿರುವಾಗಲೇ ಸಾರ್ವತ್ರಿಕ ವರ್ಗಾವಣೆಯಲ್ಲಿ ಈ ಪ್ರಕರಣದ ಅಧಿಕಾರಿಗೆ ಬೇರೆ ಜಿಲ್ಲೆಗೆ ಆದೇಶವಾಯಿತು. ಪ್ರಭಾರ ಹಸ್ತಾಂತರಿಸುವಾಗ ಅವರು ಎಂಟನೆಯ ತರಗತಿಯ ಓದಿನ ಪಟ್ಟಿಯನ್ನು ಸಿ.ಆರ್.ಪಿ. ಬಳಿಯೇ ಬಿಟ್ಟರು, ಆ ಶಿಕ್ಷಕಿಯ ಅವಧಿ ಹಂಚಿಕೆಯನ್ನು ಹೊಸ ವೇಳಾಪಟ್ಟಿಯಲ್ಲಿ ಸೇರಿಸಿ ಸಹಿ ಹಾಕಿದರು. ಅವರ ಜಾಗಕ್ಕೆ ಬಂದವರು ಮೊದಲ ಬಾರಿಗೆ ಬಿ.ಇ.ಓ. ಆದವರು. ಗುಂಪು ಅವರನ್ನು ತಮ್ಮ ವಲಯದ ಶಾಲೆ ತೋರಿಸುವಂತೆ ಕೇಳಲಿಲ್ಲ. ಮೊದಲು ಗ್ರಾಮಾಂತರದ ತಾಲ್ಲೂಕಿನ ಶಾಲೆಯೊಂದಕ್ಕೆ ನೋಡುವವರಾಗಿ ಬರಲು ಕರೆಯಿತು. ಆ ಭೇಟಿಗೆ ಅವರು ಒಪ್ಪಿದ್ದಾರೆ.